ಬೀಗರು ಬೀಗಿದ ಬಂಡಿ

ಹೆಸರಿನಲ್ಲೇ ಅಪ್ಪ, ಅಯ್ಯ, ಅಣ್ಣ ಮೂವರನ್ನೂ ಹೊತ್ತುಕೊಂಡು ಹುಟ್ಟಿದ ಅಪ್ಪಯ್ಯಣ್ಣನಿಗೆ ತಾತ ಎನ್ನುವುದೊಂದು ಮಾತ್ರ ಬಾಕಿ ಇತ್ತು. ಅದನ್ನು ಮಗಳು ಮಮತ ಪೂರೈಸಿಕೊಟ್ಟಳು. ಅರಿಶಿನಕುಂಟೆಯ ಮನೆಯಲ್ಲಿ ಬಾಣಂತನ ಸಾಂಗವಾಗಿ ನಡೆಯಿತು. ಕೂಸು ಸಂಘಮಿತ್ರ ಕತ್ತು ನಿಲ್ಲಿಸಿ, ಮಗ್ಗುಲು ಹೊರಳಿ, ಈಗ ತಾತನ ಮೂಗನ್ನು ಹಿಡಿದರೆ ಬಿಡಿಸಿಕೊಳ್ಳಲು ಇಬ್ಬರು ಬೇಕಾಗುವಷ್ಟು ದೊಡ್ಡವಳಾಗಿದ್ದಳು. ಐದನೇ ತಿಂಗಳು ತುಂಬುತ್ತಲೇ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸಬೇಕು. ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಜೊತೆಗೆ ತವರಿನ ತೊಟ್ಟಿಲು ಹೋಗಬೇಕು. ಆ ತೊಟ್ಟಿಲಲ್ಲಿ ಮಗುವಿನ ಪಕ್ಕ ತವರಿನ ಮರ್ಯಾದೆಯೂ ಮಲಗಿ ತೂಗಬೇಕು.

ಆದರೆ ಆ ತೊಟ್ಟಿಲಿನ ದಾರಿಗೆ ಬೀಗ ಚಿಕ್ಕಬೀರಪ್ಪ ಮೊದಲೇ ಬೀಗ ಜಡಿದಿದ್ದ. ನಾಮಕರಣದ ದಿನ, ಎಲೆ ಮುಂದೆ ಕೂತು, ಸಾಲುಪಂಕ್ತಿಯೆಲ್ಲ ಕೇಳಿಸಿಕೊಳ್ಳುವ ಹಾಗೆ ಹೇಳಿದ್ದ: "ತೊಟ್ಲು ಗಿಟ್ಲು ತರ್ಬೇಡಿ ಬೀಗ್ರೆ. ನಮ್ ಬೀರೇಶ ಮಲಗಿದ್ದ ತೊಟ್ಲು ಇನ್ನೂ ಕಲ್ಲುಗುಂಡಿನಂಗೈತೆ. ಇನ್ನೊಂದು ತಂದ್ರೆ ನೇತಾಕೋಕೆ ತೊಲೆ ಎಲ್ಲೈತೆ? ನೀವೇ ಬಂದು ಅಡ್ಡಡ್ಡ ಮಲಗ್ತೀರಾ?"

ಪಂಕ್ತಿ ನಕ್ಕಿತು. ಅಪ್ಪಯ್ಯಣ್ಣನೂ ನಕ್ಕ. ನಗದೆ ಏನು ಮಾಡುವುದು?

ಚಿಕ್ಕಬೀರಪ್ಪ ಮಮತಳ ಮಾವ. ನಂದಗುಡಿ ಪಕ್ಕದ ಹಳ್ಳಿಯವನು, ಅಲ್ಲಿನ ಹಾಲಿನ ಸಂಘದ ಅಧ್ಯಕ್ಷ. ಮೊಮ್ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟಾಗ ಅದು ಹಾಲಿನ ಸಂಘಕ್ಕೇ ಸಂದ ಗೌರವ ಎಂದುಕೊಂಡು ಡೈರಿಯಲ್ಲಿ ಮೈಸೂರುಪಾಕು ಹಂಚಿದವನು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ನಾಲಿಗೆ. ಅವನಿಗಿದ್ದ ದೊಡ್ಡ ಹೆಮ್ಮೆ ಎರಡು. ಒಂದು ಆ ನಾಲಿಗೆ, ಇನ್ನೊಂದು ಅವನ ಕೆಂಪು ಟ್ರಾಕ್ಟರು. ಆದರೆ ಟ್ರಾಕ್ಟರಿಗೆ ಸ್ವಂತದ ಟ್ರೈಲರ್ ಇರಲಿಲ್ಲ. ಗೊಬ್ಬರ ಹೊಡೆಯುವಾಗಲೆಲ್ಲ ಪಕ್ಕದ ಮನೆಯವರ ಟ್ರೈಲರನ್ನು ಕೇಳಿ ತಂದು ಸಿಕ್ಕಿಸಿಕೊಳ್ಳಬೇಕು. ಆ ವಿಷಯ ಬಂದಾಗ ಮಾತ್ರ ಅವನ ನಾಲಿಗೆ ನ್ಯೂಟ್ರಲ್ಲಿಗೆ ಬೀಳುತ್ತಿತ್ತು.

ಅಪ್ಪಯ್ಯಣ್ಣನ ನಾಲಿಗೆಯಾದರೋ ಟಾಪ್ ಗೇರಿಗೆ ಬಂದದ್ದೇ ಇಲ್ಲ. ಅವನು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. 'ಚಾಲಕರೊಡನೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತು ಆಯುಷ್ಯ ಕಳೆದವನಿಗೆ ಮಾತು ಹೇಗೆ ಕುದುರಬೇಕು? ಉತ್ತರ ಹೊಳೆಯುತ್ತಿರಲಿಲ್ಲ ಎಂದಲ್ಲ, ಎರಡು ಸ್ಟಾಪು ದಾಟಿದ ಮೇಲೆ ಹೊಳೆಯುತ್ತಿತ್ತು. ಮದುವೆಯ ದಿನ ಚಿಕ್ಕಬೀರಪ್ಪ, "ನಿಮ್ಮೂರು ಅರಿಶಿನಕುಂಟೆ. ಅರಿಶಿನ ತಂದಿದ್ದೀರಿ, ಸರಿ. ಕುಂಟೆ ಎಲ್ಲಿ ಬೀಗ್ರೆ? ಉಳೋರ ಮನೆಗೆ ಹೆಣ್ಣು ಕೊಡ್ತಾ ಅರ್ಧ ಊರು ಮನೇಲೇ ಬಿಟ್ಟು ಬಂದ್ರಾ?" ಎಂದಿದ್ದ. ಛತ್ರಕ್ಕೆ ಛತ್ರವೇ ನಕ್ಕಿತ್ತು. ಅಪ್ಪಯ್ಯಣ್ಣನಿಗೆ ಉತ್ತರ ಹೊಳೆದದ್ದು ಹಿಂದಿರುಗುವ ವ್ಯಾನಿನಲ್ಲಿ, ದೇವನಹಳ್ಳಿ ದಾಟಿದ ಮೇಲೆ: "ನಮ್ಮೂರ ಕುಂಟೆ ಉಳೋ ಕುಂಟೆ ಅಲ್ಲ ಬೀಗ್ರೆ, ನೀರಿನ ಕುಂಟೆ. ಬೇಕಾದ್ರೆ ಬಂದು ಒಂದು ಸಲ ಮುಳುಗೆದ್ದು ಹೋಗಿ." ಎಂಥ ಮಾತು! ಹೇಳಿದ್ದು ಮಾತ್ರ ಹೆಂಡತಿ ಮುತ್ಯಾಲಮ್ಮನಿಗೆ. ಅವಳು ನಿದ್ದೆ ಮಾಡುತ್ತಿದ್ದಳು.

ಹೀಗಾಗಿ ಈ ಸಲ ಅಪ್ಪಯ್ಯಣ್ಣನ ಹಂಬಲ ಒಂದೇ. ಮಗುವಿನ ಜೊತೆ ಎಂಥದ್ದನ್ನಾದರೂ ಕಳಿಸಬೇಕು, ಆದರೆ ಅದನ್ನು ನೋಡಿ ಬೀಗನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಡಬೇಕು. ಮಾತಿನಲ್ಲಿ ಆಗದ್ದನ್ನು ವಸ್ತುವಿನಲ್ಲಿ ಮಾಡಬೇಕು.

ದಾರಿ ತೋರಿಸಿದ್ದು ಮಮತ. "ತೊಟ್ಲು ಬೇಡ ಅಂದ್ರೆ ಬಿಡಪ್ಪಾ. ಸ್ಟ್ರಾಲರ್ ಕೊಡ್ಸು. ನಮ್ಮತ್ತೆಗೆ ಸೊಂಟ ನೋವು, ಇವಳನ್ನ ಎತ್ಕೊಂಡು ಓಡಾಡಕ್ಕಾಗಲ್ಲ. ಕೂರಿಸಿ ತಳ್ಕೊಂಡು ಹೋಗ್ಬೋದು."

"ಏನಂದೆ? ಸ್ಟ್ರೈಲರ್ರಾ?"

"ಸ್ಟ್ರಾ-ಲ-ರ್."

"ಅದೇ ಕಣಮ್ಮ ನಾನೂ ಅಂದಿದ್ದು. ಸ್ಟ್ರೈಲರ್ರು."

"ಮಗೂನ ತಳ್ಳೋ ಗಾಡಿ ಅನ್ನಪ್ಪ, ಸಾಕು."

"ತಳ್ಳೋಗಾಡೀಲಿ ಸೊಪ್ಪು ಮಾರ್ತಾರೆ. ನನ್ ಮೊಮ್ಮಗಳಿಗೆ ಸ್ಟ್ರೈಲರ್ರೇ."

ಹೆದ್ದಾರಿ ಪಕ್ಕದಲ್ಲಿ ಮಕ್ಕಳ ಸಾಮಾನಿನ ಹೊಸ ಅಂಗಡಿಯೊಂದು ತೆರೆದಿತ್ತು. ಗುರುವಾರ ಬೆಳಿಗ್ಗೆ ಮೂರು ತಲೆಮಾರಿನ ಹೆಂಗಸರನ್ನು ಆಟೋದಲ್ಲಿ ಹೇರಿಕೊಂಡು ಅಪ್ಪಯ್ಯಣ್ಣ ಅಲ್ಲಿಗೆ ಹೋದ. ಒಳಗೆ ಸಾಲಾಗಿ ನಿಂತ ಗಾಡಿಗಳನ್ನು ಕಂಡಾಗ ಅವನ ಎದೆ ಅರಳಿತು. ಅದೊಂದು ಪುಟ್ಟ ಬಸ್ ಡಿಪೋ.

ಅಂಗಡಿಯ ಹುಡುಗಿ ಬಾಯಿಪಾಠದ ರಾಗದಲ್ಲಿ ಶುರು ಮಾಡಿದಳು. "ಅಂಕಲ್, ಇದು ನಮ್ ಬೆಸ್ಟ್ ಸೆಲ್ಲರ್ರು, ತ್ರೀ ಪೊಸಿಷನ್ ರಿಕ್ಲೈನು, ಫೈವ್ ಪಾಯಿಂಟ್ ಬೆಲ್ಟು, ಫ್ರಂಟ್ ವೀಲ್ ತ್ರೀ ಸಿಕ್ಸ್‌ಟಿ ತಿರುಗುತ್ತೆ, ಮತ್ತೆ ಒನ್ ಹ್ಯಾಂಡ್ ಫೋಲ್ಡು."

"ಸ್ಟೆಪ್ನಿ ಎಲ್ಲಮ್ಮ?"

ಹುಡುಗಿಯ ರಾಗ ನಿಂತಿತು. "ಅಂಕಲ್?"

"ಸ್ಟೆಪ್ನಿ. ನಾಲ್ಕು ಚಕ್ರ ಐತೆ. ಒಂದು ಪಂಚರ್ರಾದ್ರೆ?"

"ಪಂಚರ್ ಆಗಲ್ಲ ಅಂಕಲ್, ಗಾಳಿ ಇಲ್ಲ."

"ಕನ್ನಡಿ?"

"ಅಪ್ಪಾ," ಎಂದಳು ಮಮತ, ಹಲ್ಲು ಕಚ್ಚಿಕೊಂಡು, "ಓವರ್‌ಟೇಕ್ ಮಾಡೋಕೆ ಹೋಗ್ತಿಲ್ಲ ಅವಳು."

ಅಪ್ಪಯ್ಯಣ್ಣ ಮೊದಲ ಗಾಡಿಯ ಮುಂದೆ ನಿಂತ. ಕಪ್ಪು ಚರ್ಮದ್ದು, ಅಗಲವಾದದ್ದು, ಕೈಯಿಡಲು ಎರಡೂ ಕಡೆ ದಿಂಬು. ರಾಜಗಾಂಭೀರ್ಯ. ಕೈ ಇನ್ನೇನು ಹ್ಯಾಂಡಲ್ಲಿಗೆ ಹೋಗಬೇಕು, ಅಷ್ಟರಲ್ಲಿ ಕಿವಿಯೊಳಗೆ ಚಿಕ್ಕಬೀರಪ್ಪನ ಗಂಟಲು ಗುಡುಗಿತು: 'ಏನ್ ಬೀಗ್ರೆ, ಕೂಸಿಗೆ ತಂದ್ರೋ, ಇಲ್ಲಾ ಮುಂದಿನ ಎಲೆಕ್ಷನ್ನಿಗೆ ಕುರ್ಚಿ ತಂದ್ರೋ?' ಅಪ್ಪಯ್ಯಣ್ಣ ಕೈ ಹಿಂದಕ್ಕೆ ಎಳೆದುಕೊಂಡ.

ಎರಡನೆಯದು ತೆಳ್ಳಗಿನದು, ಕೊಡೆಯ ಹಾಗೆ ಮಡಚುವಂಥದ್ದು. ಒಂದು ಬೆರಳಿನಲ್ಲಿ ಎತ್ತಬಹುದು. ಮಮತಳಿಗೆ ಇಷ್ಟವಾಯಿತು. ಕಿವಿಯೊಳಗಿನ ಬೀಗನಿಗೆ ಇನ್ನೂ ಇಷ್ಟವಾಯಿತು: 'ಸಂತೆ ಬ್ಯಾಗಿಗೆ ಗಾಲಿ ಕಟ್ಕೊಂಡ್ ಬಂದವ್ರೆ ನೋಡ್ರಪ್ಪಾ. ಒಂದ್ ಕಡೆ ಕೂಸು, ಒಂದ್ ಕಡೆ ಬದನೇಕಾಯಿ.'

ಮೂರನೆಯದಕ್ಕೆ ಗುಲಾಬಿ ಬಣ್ಣ, ಮುಂದೆ ಕರಡಿ ಗೊಂಬೆ. ಗುಂಡಿ ಒತ್ತಿದರೆ ಹಾಡು. ಸಂಘಮಿತ್ರ ಹಾಡಿಗೆ ಕಾಲು ಬಡಿದಳು. ಮುತ್ಯಾಲಮ್ಮ, "ಇದೇ ಇರ್ಲಿ ಕಣ್ರೀ" ಎಂದಳು. ಒಳಗಿನ ಬೀಗ ಗಂಟೆ ಬಾರಿಸಿದ: 'ಐಸ್‌ಕ್ಯಾಂಡೀ... ಐಸ್‌ಕ್ಯಾಂಡೀ...'

"ಬೇಡ," ಎಂದ ಅಪ್ಪಯ್ಯಣ್ಣ.

"ಯಾಕೆ ಬೇಡ?"

"ಐಸ್‌ಕ್ಯಾಂಡಿ."

ಮುತ್ಯಾಲಮ್ಮ ಗಂಡನ ಮುಖ ನೋಡಿದಳು, ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

"ಹಂಗಾದ್ರೆ ನನ್ನದೊಂದು ಮಾತು," ಎಂದಳು. "ಯಾವ್ದಾದ್ರೂ ತಗೊಳ್ಳಿ, ಮಗು ಮುಖ ನಮ್ ಕಡೆಗೆ ಇರ್ಬೇಕು. ಎಲ್ಲಾ ಗಾಡೀಲೂ ಮಗು ಅತ್ಲಾಗೆ ನೋಡ್ತದೆ. ಬೆನ್ನು ನೋಡ್ಕೊಂಡು ಹೋಗೋಕೆ ನಾವೇನ್ ಎಮ್ಮೆ ಹೊಡ್ಕೊಂಡ್ ಹೋಗ್ತಿದ್ದೀವಾ?"

ಆಗ ಹುಡುಗಿ ಮೂಲೆಯಿಂದ ನಾಲ್ಕನೆಯದನ್ನು ಉರುಳಿಸಿಕೊಂಡು ಬಂದಳು. ಕೆಂಪು ಗಾಡಿ. ಹಿಂದಿನ ಚಕ್ರಗಳು ದೊಡ್ಡವು, ಹಳ್ಳಿಯ ದಾರಿಗೆ ಹೆದರುವಂಥವಲ್ಲ. ಹ್ಯಾಂಡಲನ್ನು ಎತ್ತಿ ಆ ಬದಿಯಿಂದ ಈ ಬದಿಗೆ ಹಾಕಿದರೆ ಅದುವರೆಗೆ ರಸ್ತೆ ನೋಡುತ್ತಿದ್ದ ಮಗು ತಳ್ಳುವವರ ಮುಖ ನೋಡುತ್ತದೆ. ಹಿಂದಿನ ಚಕ್ರದ ನಡುವೆ ಕಾಲಿನಲ್ಲಿ ಒತ್ತುವ ಬ್ರೇಕು. ಅಪ್ಪಯ್ಯಣ್ಣ ಹ್ಯಾಂಡಲ್ ಹಿಡಿದ. ಹಿಡಿದ ಗಳಿಗೆಯಲ್ಲೇ ಅವನ ಬೆನ್ನು ನೆಟ್ಟಗಾಯಿತು. ತೊಟ್ಟಿಲುಗಳ ಸಾಲಿನ ನಡುವೆ ಗಾಡಿಯನ್ನು ನುಗ್ಗಿಸಿದ, ಡೈಪರಿನ ಗುಡ್ಡೆಯನ್ನು ಬಲಕ್ಕೆ ಬಳಸಿದ, ಬಿಲ್ಲಿಂಗ್ ಮೇಜಿನ ತನಕ ಹೋಗಿ, ಕತ್ತು ಹೊರಳಿಸಿ, ಅದೇ ದಾರಿಯಲ್ಲಿ ರಿವರ್ಸ್ ಬಂದ. ಯಾವುದಕ್ಕೂ ತಾಗಲಿಲ್ಲ. ಅಂಗಡಿಗೆ ಬಂದಿದ್ದ ಬೇರೆ ಗಿರಾಕಿಗಳು ದಾರಿ ಬಿಟ್ಟು ನಿಂತರು.

ಸಂಘಮಿತ್ರಳನ್ನು ಕೂರಿಸಿ ಬೆಲ್ಟು ಹಾಕಿದರು. ಅವಳು ಎಡಗಾಲನ್ನು ಎತ್ತಿ ಮುಂದಿನ ಕಂಬಿಯ ಮೇಲಿಟ್ಟು, ಪಾಸು ತೋರಿಸಲು ಒಪ್ಪದ ಪ್ರಯಾಣಿಕಳ ಹಾಗೆ ಅಂಗಡಿಯನ್ನೊಮ್ಮೆ ನೋಡಿದಳು.

ಅಪ್ಪಯ್ಯಣ್ಣ ಕಣ್ಣು ಮುಚ್ಚಿ ಬೀಗನ ದನಿಗೆ ಕಾದ. ಬರಲಿಲ್ಲ. ಇನ್ನೂ ಸ್ವಲ್ಪ ಕಾದ. ಒಳಗೆ ಚಿಕ್ಕಬೀರಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ಮಾತು ಹೊರಡಲಿಲ್ಲ.

"ಇದೇ," ಎಂದ ಅಪ್ಪಯ್ಯಣ್ಣ. "ಇದನ್ನೇ ಕೊಡಮ್ಮ."

ಗಾಡಿ ಮನೆಗೆ ಬಂದ ಸಂಜೆಯೇ ಚಿಕ್ಕಬೀರಪ್ಪನ ಫೋನು ಬಂತು. ಅವನು ಡೈರಿಯಲ್ಲಿದ್ದ. ಹಿಂದೆ ಹಾಲಿನ ಕ್ಯಾನುಗಳು ಢಣಢಣ ಎನ್ನುತ್ತಿದ್ದವು, ಯಾರೋ ಯಾರನ್ನೋ ಕೂಗುತ್ತಿದ್ದರು.

"ಬೀಗ್ರೇ, ಭಾನುವಾರ ಹೊರಡ್ತೀರಂತಲ್ಲ. ತೊಟ್ಲು ತರ್ತಿಲ್ಲ ತಾನೆ?"

"ಇಲ್ಲ ಬೀಗ್ರೆ. ಸ್ಟ್ರೈಲರ್ ತರ್ತಿದ್ದೀನಿ."

ಆ ಕಡೆ ಚಿಕ್ಕಬೀರಪ್ಪ ಕ್ಯಾನು ಬಡಿಯುತ್ತಿದ್ದವರನ್ನು ಗದರಿದ.

"ಏನಂದ್ರಿ?"

"ಸ್ಟ್ರೈಲರ್ರು ಬೀಗ್ರೆ. ಮಗೂಗೆ."

"ಮಗು ಹೆಸ್ರಿಗಾ?"

"ಇನ್ಯಾರ ಹೆಸ್ರಿಗೆ ಮತ್ತೆ? ಅವಳಿಗೇ."

ಚಿಕ್ಕಬೀರಪ್ಪನ ದನಿ ತಗ್ಗಿತು. ಬಾಗಿಲು ಮುಚ್ಚಿದ ಸದ್ದಾಯಿತು. "ಅಲ್ಲ ಬೀಗ್ರೆ, ಅಷ್ಟು ದೊಡ್ಡ ಖರ್ಚು ಯಾಕೆ? ನಾನೇನ್ ಕೇಳಿದ್ನಾ? ಕೂಸು ಬಂದ್ರೆ ಸಾಕಾಗಿತ್ತು."

"ನೀವು ಕೇಳಿಲ್ಲ ಅಂತಾನೇ ಕೊಡ್ತಿರೋದು. ನಮ್ಮನೇದು ಅಂತ ಒಂದಿರ್ಲಿ."

"ಚಕ್ರ ಹೆಂಗವೆ?"

"ದೊಡ್ಡವೇ. ನಿಮ್ಮೂರ ರೋಡಿಗೆ ಚಿಕ್ಕವು ತಡೀತಾವಾ? ಕಬ್ಬಿಣ ಒಳ್ಳೇ ಕಬ್ಬಿಣ, ತೂಗಾಡಲ್ಲ."

"ಟಿಪ್ಪಿಂಗ್ ಐತಾ? ಹಿಂದಕ್ಕೆ ಬಗ್ಗೋದು?"

ಹುಡುಗಿಯ ರಾಗ ಅಪ್ಪಯ್ಯಣ್ಣನಿಗೆ ನೆನಪಾಯಿತು. "ಓಹೋ. ಮೂರು ಥರ ಬಗ್ತದೆ. ಬೇಕಂದ್ರೆ ಪೂರ್ತಿ ಮಲಗ್ತದೆ."

"ಹೈಡ್ರಾಲಿಕ್ಕಾ?"

"ಅದೇನೋ ಬೀಗ್ರೆ, ಬಟನ್ ಒತ್ತಿದ್ರೆ ಸುಯ್ ಅಂತ ಬಗ್ತದೆ."

"ಲೋಡು?"

"ಮೂರು ವರ್ಷದ ತನಕ ಯೋಚನೇನೇ ಇಲ್ಲ ಅಂದ್ರು. ಹಿಂದಿನ ಎರಡು ಚಕ್ರಕ್ಕೂ ಬ್ರೇಕ್ ಐತೆ."

"ಬ್ರೇಕೂ ಐತಾ!" ಚಿಕ್ಕಬೀರಪ್ಪ ಉಸಿರೆಳೆದುಕೊಂಡ. ಆಮೇಲೆ, ಮದುವೆ ಗಂಡು ಹೆಣ್ಣಿನ ಬಗ್ಗೆ ಕೇಳುವಷ್ಟು ಮೆತ್ತಗೆ ಕೇಳಿದ: "ಬಣ್ಣ ಯಾವ್ದು ಬೀಗ್ರೆ?"

"ಕೆಂಪು."

"ನನ್ ಇಂಜಿನ್ನೂ ಕೆಂಪೇ," ಎಂದ ಚಿಕ್ಕಬೀರಪ್ಪ. "ಬೀಗ್ರೆ, ನಾನು ಏನೇನೋ ಅಂದಿರ್ತೀನಿ. ಮನಸ್ಸಲ್ಲಿ ಇಟ್ಕೋಬೇಡಿ. ಮನೇಲಿ ಯಾರಿಗೂ ಹೇಳಲ್ಲ, ನೋಡಿ ಅವರೇ ಬೆರಗಾಗ್ಲಿ."

ಫೋನು ಇಟ್ಟ ಮೇಲೆ ಅಪ್ಪಯ್ಯಣ್ಣ ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದ. ಈ ಮನುಷ್ಯ ಯಾವ ಮಾತಿಗೂ ಆ ಟ್ರಾಕ್ಟರನ್ನು ಯಾಕೆ ಎಳೆದು ತರುತ್ತಾನೋ ತಿಳಿಯಲಿಲ್ಲ. ಆದರೆ ಗೇಲಿ ಇರಲಿಲ್ಲ, ಒಂದು ಎಳೆಯೂ ಇರಲಿಲ್ಲ. ಗಾಡಿಯನ್ನು ಕಾಣದೆಯೇ ಬೀಗ ಸೋತಿದ್ದ. ಅಪ್ಪಯ್ಯಣ್ಣನ ಎದೆ ಉಬ್ಬಿತು. ಬೀಗ ಎಂಬ ಹೆಸರು ಚಿಕ್ಕಬೀರಪ್ಪನದು, ಆ ಸಂಜೆ ಬೀಗಿದವನು ಮಾತ್ರ ಅಪ್ಪಯ್ಯಣ್ಣ.

ಶನಿವಾರ ವಾಹನಪೂಜೆ. ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಪ್ಪಯ್ಯಣ್ಣ "ರೈಟ್" ಎಂದು ತಳ್ಳಿದ. ಬಸ್ಸಿನ ಕೆಳಗೆ ಪಚಕ್ಕೆಂದು ಅಪ್ಪಚ್ಚಿಯಾಗುತ್ತಿದ್ದ ನಿಂಬೆಹಣ್ಣು ಇಲ್ಲಿ ಜಗ್ಗಲಿಲ್ಲ. ಗಾಡಿಯೇ ಹಣ್ಣನ್ನು ಹತ್ತಿ ಇಳಿದು ಮುಂದೆ ಹೋಯಿತು. ಹಣ್ಣು ಹೇಗಿತ್ತೋ ಹಾಗೇ ನಗುತ್ತಿತ್ತು. ಕೊನೆಗೆ ಮುತ್ಯಾಲಮ್ಮ ಚಪಾತಿ ಹಿಟ್ಟು ಅದುಮುವ ಹಾಗೆ ಹ್ಯಾಂಡಲ್ ಅದುಮಿ ಹಿಡಿದುಕೊಂಡಳು, ಅಪ್ಪಯ್ಯಣ್ಣ ಹಿಂದಿನಿಂದ ತಳ್ಳಿದ. ಒಂದು ಹಣ್ಣು ಒಡೆಯಿತು. "ಸಾಕು," ಎಂದಳು ಅವಳು, "ಉಳಿದಿದ್ರಲ್ಲಿ ಚಿತ್ರಾನ್ನ ಮಾಡ್ತೀನಿ."

ಜೊತೆಗೆ ಒಂದು ಅಭ್ಯಾಸವೂ ಗುಟ್ಟಾಗಿ ನಡೆಯಿತು. ಅಂಗಡಿಯ ಹುಡುಗಿ ಒಂದೇ ಕೈಯಲ್ಲಿ ಗಾಡಿಯನ್ನು ಝಾಡಿಸಿ ಬಿಡಿಸಿದ್ದಳು. ಗುಬ್ಬಚ್ಚಿ ರೆಕ್ಕೆ ತೆರೆದಂತೆ. ಅಪ್ಪಯ್ಯಣ್ಣ ಹಿತ್ತಲಲ್ಲಿ ನಿಂತು ಮಾಡಿ ನೋಡಿದ. ಮೊದಲು ಹೆಬ್ಬೆರಳು ಸಿಕ್ಕಿಕೊಂಡಿತು, ಆಮೇಲೆ ಪಂಚೆಯ ಚುಂಗು. ಬಿಡಲಿಲ್ಲ. ಸಂಜೆಯ ಹೊತ್ತಿಗೆ ಮಣಿಕಟ್ಟು ಒಂದು ಕುಲುಕು, ಫಟ್, ಗಾಡಿ ನಿಂತಿರುತ್ತಿತ್ತು. ಕರೆದೊಯ್ಯಲು ಒಂದು ದಿನ ಮೊದಲೇ ಬಂದಿದ್ದ ಅಳಿಯ ಬೀರೇಶ್ ಕಿಟಕಿಯಿಂದ ಇದನ್ನು ಕಂಡು, "ಮಾವ ಏನ್ ಸರ್ಕಸ್ ಸೇರ್ತಾವ್ರಾ?" ಎಂದು ಮಮತಳನ್ನು ಕೇಳಿದ. ಹೊಸಕೋಟೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸಾಧು ಹುಡುಗ, ಅಪ್ಪನ ನಾಲಿಗೆ ಅವನಿಗೆ ಬಂದಿರಲಿಲ್ಲ.

ಭಾನುವಾರ ಬೀರೇಶನ ಕಾರಿನಲ್ಲಿ ಹೊರಟರು. ಡಿಕ್ಕಿಯಲ್ಲಿ ಗಾಡಿ ಮಡಚಿಕೊಂಡು ಮಲಗಿತ್ತು. ದೊಡ್ಡಬಳ್ಳಾಪುರ ದಾಟಿತು, ದೇವನಹಳ್ಳಿ ದಾಟಿತು. ಬೀಗನ ಬಾಯಿ ತೆರೆದು ನಿಲ್ಲುವ ದೃಶ್ಯವನ್ನು ಅಪ್ಪಯ್ಯಣ್ಣ ದಾರಿಯುದ್ದಕ್ಕೂ ಮತ್ತೆ ಮತ್ತೆ ನೋಡಿದ. ಒಂದು ಸಲ ಮೀಸೆ ಸಹಿತ, ಒಂದು ಸಲ ಎಲೆಅಡಿಕೆ ಸಹಿತ.

ಊರಿನ ತಿರುವಿನಲ್ಲಿ ಬೀರೇಶ್ ಕಾರು ನಿಧಾನ ಮಾಡಿದ. "ಇದೇನು, ನಮ್ಮಪ್ಪ ಹಬ್ಬ ಇಲ್ದೆ ಟ್ರಾಕ್ಟರ್ ತೊಳೆದವ್ರೆ?"

ಮನೆ ಮುಂದೆ ಕೆಂಪು ಟ್ರಾಕ್ಟರು ನಿಂತಿತ್ತು. ಮುಖ ಮನೆಯ ಕಡೆಗೆ, ಬೆನ್ನು ರಸ್ತೆಗೆ. ಮೂತಿಗೆ ಹಾರವಿರಲಿಲ್ಲ. ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿಗೆ ಗ್ರೀಸು ಸವರಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಪಕ್ಕದಲ್ಲಿ ಹಾಲಿನ ಸಂಘದವರೆಲ್ಲ ಒಗೆದ ಅಂಗಿ ತೊಟ್ಟು ನಿಂತಿದ್ದರು. ಬಾಗಿಲಲ್ಲಿ ಬೀಗಿತ್ತಿ ಲಕ್ಷ್ಮೀದೇವಮ್ಮ ಆರತಿ ತಟ್ಟೆ ಹಿಡಿದಿದ್ದಳು. ಟ್ರಾಕ್ಟರು ಯಾಕೆ ತಿರುಗಿ ನಿಂತಿದೆಯೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಮಮತ ಮಗುವನ್ನೆತ್ತಿಕೊಂಡು ಇಳಿದಳು. ಓಕುಳಿ ನೀರಿನ ಆರತಿಯಾಯಿತು. ಚಿಕ್ಕಬೀರಪ್ಪ ಮೊಮ್ಮಗಳ ಕೆನ್ನೆ ಮುಟ್ಟಿದ, ಅಪ್ಪಯ್ಯಣ್ಣನ ಎರಡೂ ಕೈ ಹಿಡಿದುಕೊಂಡ. ಆಮೇಲೆ ಅವನ ಕಣ್ಣು ಕಾರನ್ನು ದಾಟಿ, ಬೇಲಿಯನ್ನು ದಾಟಿ, ಊರ ತಿರುವಿನ ತನಕ ಹೋಯಿತು.

"ಹಿಂದೆ ಬರ್ತಾ ಐತಾ ಬೀಗ್ರೆ?"

"ಏನು ಬೀಗ್ರೆ?"

"ಅದೇ," ಎಂದ ಚಿಕ್ಕಬೀರಪ್ಪ, ನಾಚಿಕೊಂಡ ಹಾಗೆ. "ಟ್ರೈಲರ್ರು."

ಅಪ್ಪಯ್ಯಣ್ಣ ಕೊಂಡಿಯನ್ನು ನೋಡಿದ. ಹಾರವನ್ನು ನೋಡಿದ. ಫೋನಿನಲ್ಲಿ ಆಡಿದ ಮಾತುಗಳೆಲ್ಲ ಒಂದರ ಹಿಂದೊಂದು ಬಂದು ಅವನಿಗೆ ಡಿಕ್ಕಿ ಹೊಡೆದವು. ಟಿಪ್ಪಿಂಗು. ಹೈಡ್ರಾಲಿಕ್ಕು. ಲೋಡು. ಬಣ್ಣ. ಉಬ್ಬಿದ್ದ ಎದೆಯಿಂದ ಗಾಳಿ ಇಳಿಯಿತು. ಇದಕ್ಕೆ ಸ್ಟೆಪ್ನಿಯೂ ಇರಲಿಲ್ಲ.

ಬೀಗನ ಮುಖ ನೋಡಿದ. ಗೇಲಿ ಮಾಡುವ ಮುಖವಲ್ಲ ಅದು. ಜಾತ್ರೆಯಿಂದ ಬಂದ ಅಪ್ಪನ ಜೋಳಿಗೆ ನೋಡುವ ಮಗುವಿನ ಮುಖ. ಸಂಘದವರಿಗೆಲ್ಲ ಹೇಳಿ ಕರೆತಂದಿದ್ದಾನೆ. ಇನ್ನು ಒಂದು ಗಳಿಗೆ ಕಳೆದರೆ ಅಧ್ಯಕ್ಷನ ಟ್ರೈಲರ್ ಕಥೆ ಊರೂರಿನ ಡೈರಿಗೂ ಹಾಲಿಗಿಂತ ಮೊದಲು ಮುಟ್ಟುತ್ತದೆ. ಅಪ್ಪಯ್ಯಣ್ಣ ಬಯಸಿದ್ದು ಬೀಗನ ಬಾಯಿ ಕಟ್ಟಬೇಕೆಂದು, ತಲೆ ತಗ್ಗಬೇಕೆಂದಲ್ಲ. ಆದರೆ ಈಗ ತನ್ನ ಮಾನದ ಜೊತೆ ಬೀಗನ ಮಾನವೂ ಅದೇ ಡಿಕ್ಕಿಯಲ್ಲಿ ಮಡಚಿಕೊಂಡು ಮಲಗಿತ್ತು.

"ಬಂದೈತೆ ಬೀಗ್ರೆ," ಎಂದ. "ಜೊತೇಲೇ ಬಂದೈತೆ."

ಡಿಕ್ಕಿ ತೆರೆದ. ಗಾಡಿಯನ್ನು ಹೊರಗೆಳೆದ. ಸಂಘದವರು ಕತ್ತು ಉದ್ದ ಮಾಡಿದರು. ಮಣಿಕಟ್ಟು ಒಂದು ಕುಲುಕು. ಫಟ್. ಕೆಂಪು ಗಾಡಿ ರೆಕ್ಕೆ ಬಿಚ್ಚಿ ನೆಲಕ್ಕೆ ನಿಂತಿತು. ಮಮತಳ ಕೈಯಿಂದ ಕೂಸನ್ನು ತೆಗೆದುಕೊಂಡು ಕೂರಿಸಿ, ಬೆಲ್ಟು ಬಿಗಿದ. 

ಊರು ಒಮ್ಮೆ ಗಾಡಿಯನ್ನು, ಒಮ್ಮೆ ಕೊಂಡಿಯನ್ನು ನೋಡಿತು. ಆಮೇಲೆ ಹಿಂದಿನಿಂದ ಒಬ್ಬ ಕೇಳಿದ: "ಅಧ್ಯಕ್ಷರೇ, ಇದೇನಾ ನಿಮ್ ಟ್ರೈಲರ್ರು? ಹತ್ತು ಚೀಲ ರಾಗಿ ಹಿಡಿಸ್ತದಾ?"

ನಗು ಶುರುವಾಯಿತು. ಮೊದಲು ಮೀಸೆಯಡಿ, ಆಮೇಲೆ ಹಲ್ಲಿನಲ್ಲಿ. ಚಿಕ್ಕಬೀರಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತ್ತು. ಅಪ್ಪಯ್ಯಣ್ಣ ದಾರಿಯುದ್ದಕ್ಕೂ ಕಂಡಿದ್ದ ದೃಶ್ಯವೇ, ಮೀಸೆ ಸಹಿತ. ನೋಡಿ ಸಂತೋಷವಾಗಲಿಲ್ಲ. ಕಿವಿ ಕೆಂಪಾಗಿ, ಆ ಮನುಷ್ಯ ತನ್ನ ಟ್ರಾಕ್ಟರಿನ ಕೊಂಡಿಯನ್ನು ದೇಹದಿಂದ ಮರೆಮಾಡಲು ನೋಡುತ್ತಿದ್ದ.

ಆಗ ಅಪ್ಪಯ್ಯಣ್ಣನಿಗೆ ಜೀವಮಾನದಲ್ಲಿ ಮೊದಲ ಸಲ ಉತ್ತರ ಹೊಳೆಯಿತು. ಎರಡು ಸ್ಟಾಪು ಮುಂದೆ ಅಲ್ಲ, ಅದೇ ಸ್ಟಾಪಿನಲ್ಲಿ.

"ನಗಬೇಡ್ರಪ್ಪಾ," ಎಂದ ಗಟ್ಟಿಯಾಗಿ. "ನಾನು ಟ್ರೈಲರ್ ಅಂತಲೇ ಹೇಳಿದ್ದು, ನಮ್ ಬೀಗ್ರು ಸರಿಯಾಗೇ ಕೇಳಿಸ್ಕೊಂಡವ್ರೆ. ನೀವು ನೋಡಿರೋ ಟ್ರೈಲರ್ರು ಇಂಜಿನ್ ಹಿಂದೆ ಬರ್ತದೆ, ಗೊಬ್ಬರ ಹೊರ್ತದೆ. ಇದು ಇಂಜಿನ್ ಮುಂದೆ ಹೋಗೋ ಟ್ರೈಲರ್ರು. ಇದ್ರಲ್ಲಿ ಹೋಗೋದು ಬರೀ ವಂಶ. ಯಾವ್ ಟ್ರಾಕ್ಟರಿಗೂ ಇದು ಸಿಕ್ಕೊಳ್ಳಲ್ಲ, ಇದಕ್ಕೆ ತಾತನೇ ಇಂಜಿನ್ನು." ಹ್ಯಾಂಡಲ್ ಎತ್ತಿ ಆ ಕಡೆ ಹಾಕಿದ. ಊರು ನೋಡುತ್ತಿದ್ದ ಕೂಸು ಈಗ ಹ್ಯಾಂಡಲ್ ಹಿಡಿಯುವವರಿಗೆ ಎದುರಾಯಿತು. "ಬನ್ನಿ ಬೀಗ್ರೆ, ಹಿಡೀರಿ. ಈ ಕೂಸು ಈಗಿನ್ನೂ ಟ್ರೈಲರ್ ಮಾತ್ರ. ದೊಡ್ಡವಳಾದ ಮೇಲೆ ಪೂರ್ತಿ ಸಿನಿಮಾ ಊರೇ ನೋಡ್ತದೆ."

ನಗು ನಿಲ್ಲಲಿಲ್ಲ, ದಿಕ್ಕು ಬದಲಾಯಿಸಿತು. ಯಾರೋ ಶಿಳ್ಳೆ ಹಾಕಿದರು. ಮುತ್ಯಾಲಮ್ಮ, ಇವನು ತನ್ನ ಗಂಡನೇ ಹೌದಾ ಎಂದು ಪಕ್ಕದಿಂದ ನೋಡಿದಳು.

ಚಿಕ್ಕಬೀರಪ್ಪನ ಬಾಯಿ ನಿಧಾನವಾಗಿ ಮುಚ್ಚಿತು. ಅವನು ಅಪ್ಪಯ್ಯಣ್ಣನನ್ನು ನೋಡಿದ. ತನ್ನನ್ನು ಕಾಪಾಡಿದರು ಎಂಬುದು ಅವನಿಗೆ ತಿಳಿಯಿತು, ತಿಳಿದದ್ದು ಅಪ್ಪಯ್ಯಣ್ಣನಿಗೂ ತಿಳಿಯಿತು. ಆಮೇಲೆ ಚಿಕ್ಕಬೀರಪ್ಪ ಟ್ರಾಕ್ಟರಿನ ಹತ್ತಿರ ಹೋದ. ಕೊಂಡಿಯಿಂದ ಚೆಂಡುಹೂವಿನ ಹಾರ ಬಿಚ್ಚಿದ, ಗ್ರೀಸು ಹತ್ತಿದ ಎರಡು ಹೂವನ್ನು ಕಿತ್ತೆಸೆದ, ಉಳಿದದ್ದನ್ನು ತಂದು ಕೂಸಿನ ಗಾಡಿಯ ಹ್ಯಾಂಡಲ್ಲಿಗೆ ಸುತ್ತಿದ.

"ಕೇಳ್ರಯ್ಯಾ," ಎಂದ. ಗಂಟಲು ಹಳೆಯ ಗುಡುಗಿಗೆ ಮರಳಿತ್ತು. "ಮದ್ವೇಲಿ ನಾನು ಕುಂಟೆ ಎಲ್ಲಿ ಅಂತ ಕೇಳಿದ್ದೆ. ಇವತ್ತು ಅರಿಶಿನಕುಂಟೆಯೋರು ಪೂರ್ತಿ ಊರೇ ತಂದವ್ರೆ. ಅರಿಶಿನ ನೋಡ್ಬೇಕಾದ್ರೆ ಕೂಸಿನ ಕೆನ್ನೆ ನೋಡಿ. ಕುಂಟೆ ನೋಡ್ಬೇಕಾದ್ರೆ ಈ ಗಾಡಿ ನೋಡಿ. ನಾಳೆಯಿಂದ ಈ ಬೀದೀನೆಲ್ಲ ಉತ್ತು ಹರಗೋದು ಇದೇ."

"ನಮ್ಮೂರದು ನೀರಿನ ಕುಂಟೆ ಬೀಗ್ರೆ," ಎಂದ ಅಪ್ಪಯ್ಯಣ್ಣ. ವರ್ಷಗಳಿಂದ ಒಳಗೆ ಕೊಳೆಯುತ್ತಿದ್ದ ಮಾತು ಕೊನೆಗೂ ಹೊರಬಿತ್ತು. "ಬಂದು ಒಂದು ಸಲ ಮುಳುಗೆದ್ದು ಹೋಗಿ."

"ಮುಳುಗಿದ್ದೆ ಈಗ್ತಾನೆ," ಎಂದ ಚಿಕ್ಕಬೀರಪ್ಪ, ಅವನಿಗೊಬ್ಬನಿಗೇ ಕೇಳಿಸುವಂತೆ. "ನೀವೇ ಎತ್ತಿದ್ರಿ."

ಆಮೇಲೆ ಹ್ಯಾಂಡಲ್ ಹಿಡಿದ. ಊಟಕ್ಕೆ ಎಲೆ ಹಾಕಿದೆ ಎಂದು ಲಕ್ಷ್ಮೀದೇವಮ್ಮ ಕೂಗಿದರೂ ಕೇಳದೆ, ಡೈರಿ ತನಕ ಹೋಗಿ ಬರುತ್ತೇನೆಂದು ಹೊರಟ. ಅಪ್ಪಯ್ಯಣ್ಣನೂ ಜೊತೆಗೆ ನಡೆದ. ಸಂಘಮಿತ್ರ ಕಾಲನ್ನು ಕಂಬಿಯ ಮೇಲಿಟ್ಟು, ಎದುರಿಗೆ ಬರುತ್ತಿರುವ ಈ ಹೊಸ ಮೀಸೆಯನ್ನು ಯಾವಾಗ ಹಿಡಿಯುವುದು ಎಂದು ಯೋಚಿಸುತ್ತಿದ್ದಳು. ಮನೆ ಮನೆಯ ಬಾಗಿಲಲ್ಲಿ ಜನ ನಿಂತರು. "ಏನ್ ಲೋಡು ಅಧ್ಯಕ್ಷರೇ?" ಎಂದರು. "ಚಿನ್ನ ಕಣಯ್ಯಾ," ಎಂದ ಚಿಕ್ಕಬೀರಪ್ಪ. ಟ್ರೈಲರ್ ಎರವಲು ಕೊಡುತ್ತಿದ್ದ ಪಕ್ಕದ ಮನೆಯ ಮುಂದೆ ಬೇಕೆಂದೇ ನಿಧಾನ ಮಾಡಿದ. "ನೋಡ್ಕೊಳ್ರಪ್ಪಾ, ಸ್ವಂತದ್ದು. ಹಿಂದಿನ ಎರಡು ಚಕ್ರಕ್ಕೂ ಬ್ರೇಕ್ ಐತೆ."

ಡೈರಿಯ ಮುಂದೆ ಸ್ವಲ್ಪ ಇಳಿಜಾರು. ಗಾಡಿ ತಾನಾಗಿ ಮುಂದೆ ಜರುಗಿತು. "ಬೀಗ್ರೇ, ಇದನ್ನ ನಿಲ್ಸೋದು ಹೆಂಗೆ?"

"ದೊಡ್ಡ ಚಕ್ರದ ನಡುವೆ ಕಾಲಲ್ಲಿ ಒತ್ತಿ. ಅಲ್ಲೊಂದು ಬೀಗ ಐತೆ."

"ಇಲ್ಲೊಬ್ಬ ಬೀಗ, ಅಲ್ಲೊಂದು ಬೀಗ," ಎಂದು ಚಿಕ್ಕಬೀರಪ್ಪ ಒತ್ತಿದ. ಗಾಡಿ ನಿಂತಿತು. ಡೈರಿಯವರೆಲ್ಲ ಬಂದು ನೋಡಿದರು, ಕೂಸಿನ ಕೈಯನ್ನು ಒಬ್ಬೊಬ್ಬರಾಗಿ ಮುಟ್ಟಿದರು.

ಹಿಂದಿರುಗುವಾಗ ಅಪ್ಪಯ್ಯಣ್ಣನಿಗೆ ಕೈ ತುರಿಸುತ್ತಿತ್ತು. "ಈಗ ನಾನು ಹಿಡೀಲಾ ಬೀಗ್ರೆ? ಡ್ರೈವರ್ ನಾನು."

"ಇಂಜಿನ್ ನಾನು ಅಂತ ನೀವೇ ಹೇಳಿದ್ರಿ," ಎಂದ ಚಿಕ್ಕಬೀರಪ್ಪ, ಕೊಡಲಿಲ್ಲ.

ಅಪ್ಪಯ್ಯಣ್ಣ ಎರಡು ಹೆಜ್ಜೆ ಹಿಂದೆ ಉಳಿದ. ಮುಂದೆ ಬೀಗ, ಬೀಗನ ಮುಂದೆ ಕೆಂಪು ಗಾಡಿ, ಗಾಡಿಯೊಳಗಿಂದ ಬೀಗನ ತೋಳಿನ ಸಂದಿಯಲ್ಲಿ ತನ್ನನ್ನೇ ಹುಡುಕುತ್ತಿರುವ ಎರಡು ಕಣ್ಣು. ಜೀವಮಾನವೆಲ್ಲ ಮುಂದೆ ಕೂತು ಓಡಿಸಿದವನು ಇವತ್ತು ಹಿಂದೆ ನಡೆಯುತ್ತಿದ್ದ. ಅವನು ಪಂಚೆಯನ್ನು ಎತ್ತಿ ಕಟ್ಟಿದ, ಬೆರಳು ತುಟಿಗಿಟ್ಟು ಒಂದು ಸೀಟಿ ಹೊಡೆದ, ಬೀದಿಯ ಎರಡೂ ಬದಿಗೆ ಕೇಳಿಸುವಂತೆ ಕೂಗಿದ:

"ರೈಟ್, ರೈಟ್. ಯಾರ್ರೀ ಅದು ಅಡ್ಡ, ಜಾಗ ಬಿಡಿ. ನನ್ ಮೊಮ್ಮಗಳು ಬರ್ತಾವಳೆ."